ಮುಮ್ಮಡಿ ಕೃಷ್ಣರಾಜ ಒಡೆಯರು ಮತ್ತು ಅವರು ಬರೆಯಿಸಿದ ದೇವತೆಗಳು

ಮೈಸೂರಿನ ಅರಸರೆಂದೊಡನೆ ಮಂಡ್ಯದ ಸೀಮೆಯವರಾದ ನಮಗೆ ಮೊದಲು ನೆನಪಿಗೆ ಬರುವವರು ನಾಲ್ವಡಿ ಕೃಷ್ಣರಾಜ ಒಡೆಯರು. ಕನ್ನಂಬಾಡಿಯ ಕಟ್ಟೆ, ನಾಲೆಯ ನೀರು, ಕಬ್ಬಿನ ಗದ್ದೆ, 1933ರಲ್ಲಿ ಸ್ಥಾಪನೆಯಾದ ಸಕ್ಕರೆ ಕಾರ್ಖಾನೆ ಇವೆಲ್ಲ ಅವರ ಕಾಲದವು. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ದೇವರ ಪಟಗಳ ಸಾಲಿನಲ್ಲಿಯೇ ಅವರ ಭಾವಚಿತ್ರವೂ ಇರುವುದುಂಟು. ಆದರೆ ದತ್ತಕದ ವರಸೆಯಲ್ಲಿ ಅವರಿಗೆ ಅಜ್ಜನಾಗಬೇಕಾದ ಮುಮ್ಮಡಿ ಕೃಷ್ಣರಾಜ ಒಡೆಯರ ಪಟವನ್ನು ತೂಗುಹಾಕಿದ ರೈತರ ಮನೆಯನ್ನು ನಾನು ಇದುವರೆಗೆ ಕಂಡಿಲ್ಲ. ಇತಿಹಾಸದ ಪಠ್ಯಪುಸ್ತಕದಲ್ಲಿ ಅವರಿಗೆ ದೊರೆಯುವುದು ಒಂದೆರಡು ವಾಕ್ಯಗಳು ಮಾತ್ರ. 1799ರಲ್ಲಿ ಪಟ್ಟಕ್ಕೆ ಬಂದರು, 1831ರಲ್ಲಿ ಅಧಿಕಾರವನ್ನು ಕಳೆದುಕೊಂಡರು ಎಂಬಲ್ಲಿಗೆ ಅವರ ಕಥೆ ಮುಗಿದುಹೋಗುತ್ತದೆ. ಅಧಿಕಾರ ಹೋದಮೇಲೆಯೂ ಅವರು ಮೂವತ್ತಾರು ವರ್ಷಕ್ಕೂ ಹೆಚ್ಚು ಕಾಲ ಬದುಕಿದ್ದರೆಂಬುದನ್ನು, ಆ ಕಾಲವನ್ನು ಹೇಗೆ ಕಳೆದರೆಂಬುದನ್ನು ನಾವು ಕೇಳುವುದೇ ಇಲ್ಲ. ಈ ಲೇಖನವು ಮುಖ್ಯವಾಗಿ ಆ ವರ್ಷಗಳನ್ನು ಕುರಿತದ್ದು.

ಮುಮ್ಮಡಿಯವರು ಹುಟ್ಟಿದುದು ನಮ್ಮ ಜಿಲ್ಲೆಯಲ್ಲಿಯೇ. 1794ನೆಯ ಜುಲೈ 14ರಂದು ಶ್ರೀರಂಗಪಟ್ಟಣದಲ್ಲಿ ಜನಿಸಿದರು. ತಂದೆ ಖಾಸಾ ಚಾಮರಾಜ ಒಡೆಯರು ಹೆಸರಿಗೆ ಅರಸರು. ರಾಜ್ಯವೆಲ್ಲ ಟಿಪ್ಪುಸುಲ್ತಾನನ ಕೈಯಲ್ಲಿತ್ತು. ಮಗುವಿಗೆ ಎರಡು ವರ್ಷ ತುಂಬುವ ವೇಳೆಗೆ, 1796ರಲ್ಲಿ, ತಂದೆ ತೀರಿಕೊಂಡರು. ಆಮೇಲೆ ಒಡೆಯರ ಕುಟುಂಬವನ್ನು ಅರಮನೆಯಿಂದ ಹೊರಡಿಸಿ ಒಂದು ಸಾಮಾನ್ಯವಾದ ಮನೆಯಲ್ಲಿ ಇರಿಸಲಾಯಿತು. ಮುಂದೆ ಚಿನ್ನದ ರೇಕಿನಿಂದ ಸಾವಿರಾರು ಕಿರೀಟಗಳನ್ನು ಬರೆಯಿಸಿದ ದೊರೆಯ ಬಾಲ್ಯ ಕಳೆದುದು ಹೀಗೆ. ಅವರನ್ನು ಸಾಕಿದವರು ಅಜ್ಜಿ ಲಕ್ಷ್ಮಮ್ಮಣ್ಣಿಯವರು. ಕಳೆದುಹೋದ ರಾಜ್ಯವನ್ನು ಮರಳಿ ಪಡೆಯುವುದಕ್ಕಾಗಿ ಇಂಗ್ಲಿಷರೊಡನೆ ಗುಟ್ಟಾಗಿ ಮಾತುಕತೆ ನಡೆಯಿಸಿ, 1782ರಷ್ಟು ಹಿಂದೆಯೇ ಒಪ್ಪಂದವನ್ನೂ ಮಾಡಿಸಿಕೊಂಡಿದ್ದ ಹೆಂಗಸು ಆಕೆ.

1799ರ ಮಾರ್ಚಿ 27ರಂದು ಮಳವಳ್ಳಿಯ ಬಳಿ ಟಿಪ್ಪುವಿನ ಸೈನ್ಯಕ್ಕೂ ಜನರಲ್ ಹ್ಯಾರಿಸನ ಸೈನ್ಯಕ್ಕೂ ಕಾಳಗವಾಯಿತು. ಟಿಪ್ಪು ಹಿಮ್ಮೆಟ್ಟಿದನು. ಹ್ಯಾರಿಸನ ದಂಡು ಸೋಸಲೆಯ ಹತ್ತಿರ ಕಾವೇರಿಯನ್ನು ದಾಟಿ ಶ್ರೀರಂಗಪಟ್ಟಣಕ್ಕೆ ಬಂದು ಮುತ್ತಿಗೆ ಹಾಕಿತು. ಮೇ 4ರಂದು ಕೋಟೆ ಬಿದ್ದಿತು, ಟಿಪ್ಪು ಮಡಿದನು. ಜೂನ್ 30ರಂದು ಮೈಸೂರಿನಲ್ಲಿ ಲಕ್ಷ್ಮೀರಮಣಸ್ವಾಮಿ ದೇವಾಲಯದ ಬಳಿ ಹಾಕಿದ ಚಪ್ಪರವೊಂದರಲ್ಲಿ ಐದು ವರ್ಷ ತುಂಬದ ಬಾಲಕನಿಗೆ ಪಟ್ಟವಾಯಿತು. ಪಟ್ಟಕ್ಕೆ ಅರಮನೆಯೇ ಇರಲಿಲ್ಲ. ಮರದ ಅರಮನೆಯು ಸಿದ್ಧವಾದುದು 1803ರಲ್ಲಿ.

ರಾಜಧಾನಿಯು ಶ್ರೀರಂಗಪಟ್ಟಣದಿಂದ ಮೈಸೂರಿಗೆ ಹೋದಾಗ ಅದರ ಹಿಂದೆಯೇ ಹೋದವರಲ್ಲಿ ಚಿತ್ರಗಾರರೂ ಇದ್ದರು. ಇವರ ಪೂರ್ವಿಕರು ವಿಜಯನಗರದ ಆಶ್ರಯದಲ್ಲಿದ್ದವರೆಂದೂ, 1565ರ ಯುದ್ಧದ ನಂತರ ಚದುರಿಹೋದರೆಂದೂ, 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಪಡೆದಮೇಲೆ ಅಲ್ಲಿ ನೆಲೆಸಿದರೆಂದೂ ಪರಂಪರೆ ಹೇಳುತ್ತದೆ. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿಯೂ ಅವರ ಕುಂಚಕ್ಕೆ ಕೆಲಸ ತಪ್ಪಲಿಲ್ಲ. 1784ರಲ್ಲಿ ಕಟ್ಟಿದ ದರಿಯಾ ದೌಲತ್ತಿನ ಗೋಡೆಗಳ ಮೇಲೆ ಪೊಲ್ಲಿಲೂರಿನ ಯುದ್ಧದ ಚಿತ್ರವನ್ನು ನಾವೆಲ್ಲರೂ ಶಾಲೆಯ ಪ್ರವಾಸದಲ್ಲಿ ನೋಡಿದ್ದೇವೆ. ಆನೆ, ಕುದುರೆ, ಫಿರಂಗಿ, ಪಲ್ಲಕ್ಕಿಯೊಳಗೆ ಕುಳಿತ ಇಂಗ್ಲಿಷ್ ಸೇನಾಪತಿ! ಆ ಗೋಡೆಯ ಮುಂದೆ ಐದು ನಿಮಿಷವಾದರೂ ನಿಂತು ನೋಡಿದವರಿಗೆ ನಮ್ಮ ಸೀಮೆಯ ಕೈಗಳಲ್ಲಿ ಎಂಥ ಕಸಬು ಇದ್ದಿತೆಂಬುದು ತಿಳಿಯುತ್ತದೆ. ಅಲ್ಲಿ ಸಿಪಾಯಿಗಳನ್ನು ಬರೆದ ಮನೆತನಗಳೇ ಮುಂದೆ ಮೈಸೂರಿನಲ್ಲಿ ರಾಮನನ್ನೂ ರಾಜರಾಜೇಶ್ವರಿಯನ್ನೂ ಬರೆದಿರಬೇಕೆಂದು ಊಹಿಸುವುದು ತಪ್ಪಾಗಲಾರದು.

1810ರಲ್ಲಿ ಅಜ್ಜಿ ತೀರಿಕೊಂಡರು. ಸುಮಾರು ಅದೇ ಕಾಲಕ್ಕೆ ದಿವಾನ್ ಪೂರ್ಣಯ್ಯನವರೂ ಅಧಿಕಾರವನ್ನು ಬಿಟ್ಟುಕೊಟ್ಟು ಶ್ರೀರಂಗಪಟ್ಟಣಕ್ಕೆ ಹೋಗಿ, 1812ರಲ್ಲಿ ಕಾಲವಾದರು. ಹದಿನಾರು ವರ್ಷದ ತರುಣನ ಕೈಗೆ ರಾಜ್ಯವು ಬಂದಿತು. ಮುಂದಿನ ಇಪ್ಪತ್ತು ವರ್ಷಗಳ ಆಳ್ವಿಕೆಯನ್ನು ಹೊಗಳುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಇಂಗ್ಲಿಷರಿಗೆ ವರ್ಷ ವರ್ಷವೂ ಕೊಡಬೇಕಾಗಿದ್ದ ಪೊಗದಿಯೇ 7 ಲಕ್ಷ ವರಹ, ಎಂದರೆ 24 ಲಕ್ಷ 50 ಸಾವಿರ ರೂಪಾಯಿ. ಅದರ ಮೇಲೆ ದೊರೆಯ ದಾನ, ದತ್ತಿ, ಉಂಬಳಿ, ಉತ್ಸವಗಳ ವೆಚ್ಚ. ಪೂರ್ಣಯ್ಯನವರು ಕೂಡಿಟ್ಟ ಬೊಕ್ಕಸ ಕರಗಿತು, ಸಾಲ ಬೆಳೆಯಿತು. ಇಂತಿಷ್ಟು ಹಣವನ್ನು ವಸೂಲು ಮಾಡಿಕೊಡುತ್ತೇನೆಂದು ಅಮಲ್ದಾರನು ಕರಾರು ಬರೆದುಕೊಡುವ ಶರತ್ತಿನ ಪದ್ಧತಿ ಬಳಕೆಗೆ ಬಂದಿತು. ಕರಾರಿನ ಹಣವನ್ನು ಅಮಲ್ದಾರನು ಎಲ್ಲಿಂದ ತರಬೇಕು? ರೈತನ ಕಣಜದಿಂದಲೇ. ರೈತರ ಮಕ್ಕಳಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1830ರಲ್ಲಿ ನಗರದ ಸೀಮೆಯ ರೈತರು ಕೂಟಗಳನ್ನು ಕಟ್ಟಿಕೊಂಡು ಎದ್ದುನಿಂತರು. ದಂಗೆಯನ್ನು ಅಡಗಿಸಲು ಇಂಗ್ಲಿಷರ ದಂಡೇ ಬರಬೇಕಾಯಿತು. 1831ರ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕನು ರಾಜ್ಯಾಡಳಿತವನ್ನು ಕಂಪೆನಿಯ ವಶಕ್ಕೆ ತೆಗೆದುಕೊಂಡನು. ಮಹಾರಾಜರಿಗೆ ವರ್ಷಕ್ಕೆ 1 ಲಕ್ಷ ವರಹ ಮತ್ತು ನಿವ್ವಳ ಹುಟ್ಟುವಳಿಯಲ್ಲಿ ಐದನೆಯ ಒಂದು ಪಾಲು ಎಂದು ಗೊತ್ತುಮಾಡಿದರು. ಅರಮನೆ, ಸಿಂಹಾಸನ, ದಸರೆ ಉಳಿದವು. ಆಳುವ ಕೆಲಸ ಹೋಯಿತು. ಅಷ್ಟು ಕಠಿಣವಾಗಬಾರದಾಗಿತ್ತೆಂದು ಬೆಂಟಿಂಕನಿಗೇ ಮುಂದೆ ಅನ್ನಿಸಿತಂತೆ. ಆದರೆ ಹೋದುದು ಹಿಂದಿರುಗಲಿಲ್ಲ.

ಆಗ ಮಹಾರಾಜರಿಗೆ ವಯಸ್ಸು ಮೂವತ್ತೇಳು. 1834ರಿಂದ 1861ರ ವರೆಗೆ ಕಮಿಷನರನಾಗಿದ್ದ ಮಾರ್ಕ್ ಕಬ್ಬನ್ ಬೆಂಗಳೂರಿನಲ್ಲಿ ಕುಳಿತು ರಾಜ್ಯವನ್ನಾಳಿದನು. ಮದ್ದೂರಿನಲ್ಲಿ ಶಿಂಷಾ ಹೊಳೆಗೆ ಇಟ್ಟಿಗೆಯ ಸೇತುವೆ ಆದುದು ಅವನ ಕಾಲದಲ್ಲಿಯೇ, 1850ರಲ್ಲಿ. ರಸ್ತೆ, ಸೇತುವೆ, ಕಂದಾಯ, ಕಚೇರಿ ಎಲ್ಲವೂ ಅತ್ತ ನಡೆಯುತ್ತಿದ್ದಾಗ ಇತ್ತ ಮೈಸೂರಿನ ಅರಮನೆಯಲ್ಲಿ ಬೇರೊಂದು ಕೆಲಸ ನಡೆಯುತ್ತಿತ್ತು. ಪಂಡಿತರು ಪುರಾಣಗಳಿಂದ, ಆಗಮಗಳಿಂದ ದೇವತೆಗಳ ಧ್ಯಾನಶ್ಲೋಕಗಳನ್ನು ಆರಿಸಿ ಬರೆಯುತ್ತಿದ್ದರು. ಚಿತ್ರಗಾರರು ಶ್ಲೋಕದಲ್ಲಿ ಹೇಳಿದಂತೆ ದೇವತೆಯನ್ನು ಬರೆಯುತ್ತಿದ್ದರು. ಮೈಬಣ್ಣವೇನು, ಕೈಗಳೆಷ್ಟು, ಯಾವ ಕೈಯಲ್ಲಿ ಯಾವ ಆಯುಧ, ವಾಹನ ಯಾವುದು, ಕುಳಿತ ಭಂಗಿಯೇ ನಿಂತ ಭಂಗಿಯೇ ಎಂಬುದೆಲ್ಲವೂ ಶ್ಲೋಕದಲ್ಲಿದೆ. ಚಿತ್ರಗಾರನು ಅದನ್ನು ಮೀರುವಂತಿಲ್ಲ. ಮದ್ದೂರಿನ ಉಗ್ರನರಸಿಂಹನನ್ನು ಕಂಡವರಿಗೆ ಇದರ ಅರ್ಥ ಸುಲಭವಾಗಿ ಆಗುತ್ತದೆ. ನರಸಿಂಹನೆಂದರೆ ಒಬ್ಬನೇ ಅಲ್ಲ. ಹಿರಣ್ಯಕಶಿಪುವಿನ ಕರುಳನ್ನು ಬಗೆಯುವವನು ಬೇರೆ, ಯೋಗಪಟ್ಟವನ್ನು ಕಟ್ಟಿ ಕುಳಿತವನು ಬೇರೆ, ಲಕ್ಷ್ಮಿಯನ್ನು ತೊಡೆಯ ಮೇಲಿಟ್ಟುಕೊಂಡವನು ಬೇರೆ.

ಹೀಗೆ ಸಿದ್ಧವಾದ ಮಹಾಗ್ರಂಥವೇ ಶ್ರೀತತ್ತ್ವನಿಧಿ. ಇದರಲ್ಲಿ ಒಂಬತ್ತು ನಿಧಿಗಳಿವೆ: ಶಕ್ತಿ, ವಿಷ್ಣು, ಶಿವ, ಬ್ರಹ್ಮ, ಗ್ರಹ, ವೈಷ್ಣವ, ಶೈವ, ಆಗಮ ಮತ್ತು ಕೌತುಕ. ಸಾವಿರಕ್ಕೂ ಮಿಕ್ಕ ಚಿತ್ರಗಳು. ಗಣಪತಿಯೊಬ್ಬನಿಗೇ 32 ರೂಪಗಳು. ಇಂದು ಗಣಪತಿಯ 32 ರೂಪಗಳೆಂದು ಎಲ್ಲೆಡೆ ಹೇಳುವಾಗ ಆಧಾರವಾಗಿ ಹಿಡಿಯುವುದು ಈ ಗ್ರಂಥವನ್ನೇ. ನಂಜನಗೂಡಿನ ದೇವಾಲಯದಲ್ಲಿಯೂ ಈ 32 ಗಣಪತಿಗಳನ್ನು ಶಿಲೆಯಲ್ಲಿ ಕಾಣಬಹುದು. ಕೊನೆಯದಾದ ಕೌತುಕನಿಧಿಯಲ್ಲಿ ದೇವತೆಗಳಿಲ್ಲ. ಯೋಗಾಸನಗಳೂ ಆಟಗಳೂ ಇವೆ. 122 ಆಸನಗಳನ್ನು ಚಿತ್ರಸಹಿತವಾಗಿ ವಿವರಿಸಿದೆ. ದೊರೆಗೆ ಆಟವೆಂದರೆ ಬಹು ಪ್ರೀತಿ. ದುಂಡನೆಯ ಎಲೆಗಳ ಮೇಲೆ ದೇವತೆಗಳನ್ನು ಬರೆದು ಆಡುವ ಗಂಜೀಫಾ ಆಟದಲ್ಲಿ 36 ಎಲೆಗಳಿಂದ 360 ಎಲೆಗಳ ವರೆಗಿನ ಹೊಸ ಹೊಸ ಬಗೆಗಳನ್ನು ಅವರು ಕಲ್ಪಿಸಿದರು. ಚದುರಂಗದ ಕುದುರೆಯು ಒಂದು ಮನೆಯನ್ನೂ ಎರಡು ಸಲ ಮುಟ್ಟದೆ 64 ಮನೆಗಳನ್ನೂ ಸುತ್ತಿಬರುವ ಲೆಕ್ಕವನ್ನು ಬಿಡಿಸಿ, ಅದನ್ನು ರೇಷ್ಮೆಯ ಬಟ್ಟೆಯ ಮೇಲೆ ಅಚ್ಚುಹಾಕಿಸಿದರು. ಕಾಲು ಕಟ್ಟಿದ ಮನುಷ್ಯನ ಬುದ್ಧಿ ಎಲ್ಲೆಲ್ಲಿ ಓಡುತ್ತದೆ ನೋಡಿ! ಅರಮನೆಯಲ್ಲಿ ಕಲ್ಲಚ್ಚಿನ ಮುದ್ರಣಾಲಯವೂ ಇದ್ದಿತು. 1833ರಲ್ಲಿ ಅವರು ತೆರೆಯಿಸಿದ ಉಚಿತ ಇಂಗ್ಲಿಷ್ ಶಾಲೆಯೇ ಮುಂದೆ ಬೆಳೆದು ಮಹಾರಾಜಾ ಕಾಲೇಜಾಯಿತು.

ಈ ಗ್ರಂಥಗಳನ್ನೆಲ್ಲ ಮಹಾರಾಜರೇ ಬರೆದರೇ, ಅಥವಾ ಆಸ್ಥಾನದ ಪಂಡಿತರು ಬರೆದು ಪ್ರಭುವಿನ ಹೆಸರನ್ನು ಇಟ್ಟರೇ ಎಂಬ ಚರ್ಚೆ ವಿದ್ವಾಂಸರಲ್ಲಿ ಉಂಟು. ಸೌಗಂಧಿಕಾಪರಿಣಯ ಮೊದಲಾಗಿ ಅವರ ಅಂಕಿತದಲ್ಲಿರುವ ಕೃತಿಗಳು ಹಲವು. ನನಗೆ ತೋರುವಂತೆ, ಶ್ರೀತತ್ತ್ವನಿಧಿಯಂಥದನ್ನು ಒಬ್ಬನೇ ಕುಳಿತು ಮಾಡುವುದು ಸಾಧ್ಯವಿಲ್ಲ. ಆದರೆ ಹೀಗೊಂದು ಆಗಬೇಕೆಂದು ಪಟ್ಟುಹಿಡಿಯುವವನು ಒಬ್ಬನಿರಲೇಬೇಕು. ಆ ಒಬ್ಬರು ಮುಮ್ಮಡಿಯವರು ಎಂಬುದರಲ್ಲಿ ಸಂಶಯವಿಲ್ಲ.

ರಾಜ್ಯವನ್ನು ಕಳೆದುಕೊಂಡ ದುಃಖವೇ ಅವರನ್ನು ದೇವತೆಗಳ ಕಡೆಗೆ ತಿರುಗಿಸಿತೆಂದು ಹೇಳಿದರೆ ಕಥೆ ಚೆನ್ನಾಗಿರುತ್ತದೆ. ನಾನೂ ಮೊದಲು ಹಾಗೆಯೇ ಬರೆಯಬೇಕೆಂದಿದ್ದೆ. ಆದರೆ ವರ್ಷಗಳನ್ನು ಇಟ್ಟು ನೋಡಿದರೆ ಅದು ಪೂರ್ತಿಯಾಗಿ ನಿಲ್ಲುವುದಿಲ್ಲ. ತಂದೆ ಹುಟ್ಟಿದ ಅರಿಕುಠಾರಕ್ಕೆ ಚಾಮರಾಜನಗರವೆಂದು ಹೆಸರಿಟ್ಟು ಅಲ್ಲಿ ಚಾಮರಾಜೇಶ್ವರನ ದೇವಾಲಯವನ್ನು ಕಟ್ಟಿಸಿದುದು, 1827ರಲ್ಲಿ ಚಾಮುಂಡಿಬೆಟ್ಟದ ಗೋಪುರವನ್ನು ಎತ್ತಿಸಿದುದು, 1829ರಲ್ಲಿ ಕೋಟೆಯೊಳಗೆ ಪ್ರಸನ್ನಕೃಷ್ಣಸ್ವಾಮಿಯ ಗುಡಿಯನ್ನು ಮುಗಿಸಿ ಅಲ್ಲಿ ಹತ್ತಾರು ದೇವತೆಗಳ ಲೋಹದ ಮೂರ್ತಿಗಳನ್ನು ಸಾಲಾಗಿ ಇರಿಸಿದುದು ಇವೆಲ್ಲವೂ 1831ಕ್ಕೆ ಮೊದಲೇ. ಮೇಲುಕೋಟೆಯ ಚೆಲುವನಾರಾಯಣನಿಗೆ ಕೃಷ್ಣರಾಜಮುಡಿಯನ್ನು ಒಪ್ಪಿಸಿದವರೂ ಅವರೇ. ಎಂದರೆ, ದೇವತೆಗಳನ್ನು ಒಂದೆಡೆ ಕೂಡಿಸಿ ಅವರವರ ಸ್ಥಾನದಲ್ಲಿ ನಿಲ್ಲಿಸಬೇಕೆಂಬ ಆಸೆ ಮೊದಲಿನಿಂದಲೂ ಇದ್ದಿತು. ರಾಜ್ಯದ ಕೆಲಸ ಹೋದಮೇಲೆ ಅದೇ ಅವರ ಕೆಲಸವಾಯಿತು, ಅಷ್ಟೆ.

ಇನ್ನು ಚಿತ್ರಗಳ ಮಾತು. ಮೈಸೂರು ಶೈಲಿಯ ಚಿತ್ರವನ್ನು ಬರೆಯುವ ಕ್ರಮವೇ ಒಂದು ವ್ರತದಂತಿದೆ. ಮರದ ಹಲಗೆಗೆ ಬಟ್ಟೆಯನ್ನೂ ಕಾಗದವನ್ನೂ ಅಂಟಿಸಿ ನಯಮಾಡುತ್ತಾರೆ. ಹುಣಿಸೆಯ ಕಡ್ಡಿಯನ್ನು ಕಬ್ಬಿಣದ ಕೊಳವೆಯಲ್ಲಿ ಸುಟ್ಟು ಮಾಡಿದ ಇದ್ದಲಿನಿಂದ ರೇಖೆಯನ್ನು ಎಳೆಯುತ್ತಾರೆ. ಒಡವೆ, ಕಿರೀಟ, ಸೀರೆಯ ಅಂಚು, ಮಂಟಪದ ಕಂಬ ಇವುಗಳ ಮೇಲೆ ಸಫೇದ, ರೇವನಚಿನ್ನಿಯ ಹಾಲು ಮತ್ತು ಅಂಟು ಬೆರೆಸಿದ ಲೇಪವನ್ನು ಕುಂಚದಿಂದ ತೆಳುವಾಗಿ ಎತ್ತರಿಸಿ, ಅದರ ಮೇಲೆ ಚಿನ್ನದ ರೇಕನ್ನು ಕೂರಿಸುತ್ತಾರೆ. ಆಮೇಲೆ ತೆಳುವಾದ ಕಾಗದವನ್ನು ಹೊದಿಸಿ ನುಣುಪಾದ ಕಲ್ಲಿನಿಂದ ಉಜ್ಜಿದರೆ ಕೆಳಗಿನ ಕುಸುರಿ ಮೇಲೆದ್ದು ಹೊಳೆಯುತ್ತದೆ. ಅಳಿಲಿನ ಕೂದಲಿನ ಕುಂಚದಿಂದ ಕಣ್ಣಿನ ರೆಪ್ಪೆಯನ್ನು ಬರೆಯುತ್ತಾರೆ. ತಂಜಾವೂರಿನ ಚಿತ್ರಗಳಲ್ಲಿ ಈ ಲೇಪವು ದಪ್ಪ. ಗಾಜು, ಕಲ್ಲುಗಳನ್ನೂ ಅದರಲ್ಲಿ ಹುದುಗಿಸುತ್ತಾರೆ. ಮೈಸೂರಿನದು ತೆಳು. ಕೈಯಿಂದ ಸವರಿದರೆ ತಿಳಿಯಬೇಕು, ಅಷ್ಟು. ಇದರಲ್ಲಿ ಯಾವುದು ಮೇಲು ಎಂಬ ವಾದಕ್ಕೆ ನಾನು ಇಳಿಯುವುದಿಲ್ಲ. ನನಗೆ ತೆಳುವಾದುದೇ ಇಷ್ಟ.

ಇಷ್ಟೆಲ್ಲ ಬರೆದವರಾರು? ಸುಂದರಯ್ಯ, ತಂಜಾವೂರು ಕೊಂಡಯ್ಯ, ಅಳಸಿಂಗರಯ್ಯ ಎಂಬ ಕೆಲವೇ ಹೆಸರುಗಳು ಉಳಿದುಬಂದಿವೆ. ಚಿತ್ರದ ಕೆಳಗೆ ತನ್ನ ಹೆಸರನ್ನು ಹಾಕುವ ವಾಡಿಕೆ ಅವರಲ್ಲಿರಲಿಲ್ಲ. ದೇವರ ಪಾದದ ಬಳಿ ತನ್ನ ಹೆಸರೇಕೆ ಎಂಬ ಭಾವವಿದ್ದೀತು. ಹೆಸರನ್ನು ಬರೆದುಕೊಳ್ಳಲು ಯಾರೂ ಅವರಿಗೆ ಹೇಳಲಿಲ್ಲವೆಂಬುದೂ ಇದ್ದೀತು. ದೊರೆಯ ಹೆಸರು ಮಾತ್ರ ಎಲ್ಲ ಕಡೆಯೂ ಇದೆ. ಚಾಮುಂಡಿಬೆಟ್ಟದಲ್ಲಿ ರಾಣಿಯರೊಡನೆ ಕೈಮುಗಿದು ನಿಂತ ಅವರ ವಿಗ್ರಹವೇ ಇದೆ. ಆ ಚಿನ್ನದ ರೇಕಿಗೆ ಹಣ ಬಂದುದು ಹುಟ್ಟುವಳಿಯ ಐದನೆಯ ಪಾಲಿನಿಂದ. ಆದುದರಿಂದ ರಾಮನ ಕಿರೀಟದಲ್ಲಿ ಮಳವಳ್ಳಿ, ಮದ್ದೂರುಗಳ ರಾಗಿಯ ಹೊಲಗಳ ಕಂದಾಯವೂ ಸ್ವಲ್ಪ ಹೊಳೆಯುತ್ತಿದೆಯೆಂದು ನಾನು ಹೇಳಿದರೆ ಅಧ್ಯಾಪಕರು ನಗಬಾರದು.

ಕೊನೆಯ ವರ್ಷಗಳು ದೊರೆಗೆ ಕಳವಳದವು. ಪಟ್ಟಕ್ಕೆ ಬರಬಹುದಾದ ಔರಸ ಪುತ್ರರಿರಲಿಲ್ಲ. ಡಾಲ್‌ಹೌಸಿಯು ವಾರಸುದಾರರಿಲ್ಲದ ರಾಜ್ಯಗಳನ್ನು ನುಂಗುತ್ತಿದ್ದ ಕಾಲ ಅದು. 1861ರಲ್ಲಿ ಮುಮ್ಮಡಿಯವರು ಜಗನ್ಮೋಹನ ಅರಮನೆಯನ್ನು ಕಟ್ಟಿಸಿ ಅದರ ರಂಗಮಹಲಿನ ಗೋಡೆಗಳ ತುಂಬ ಚಿತ್ರಗಳನ್ನು ಬರೆಯಿಸಿದರು. ಅರಸು ಮನೆತನದ ವಂಶವನ್ನೂ ದಸರೆಯ ಮೆರವಣಿಗೆಯನ್ನೂ ಅಲ್ಲಿ ಕಾಣಬಹುದು. ಸಂತಾನಾಂಬುಜವೆಂಬ ಚಿತ್ರದಲ್ಲಿ ಮಹಾರಾಜರು ಕಮಲದ ನಡುವೆ ಕುಳಿತಿದ್ದಾರೆ. ಸುತ್ತಲಿನ ಎಸಳುಗಳಲ್ಲಿ ಅವರ ಸಂಸಾರ. ಸಂತಾನದ ಕಮಲವನ್ನು ಬರೆಯಿಸಿದವರು ತಮ್ಮ ನಂತರ ಸಿಂಹಾಸನದಲ್ಲಿ ಯಾರು ಕುಳಿತಾರೆಂಬುದನ್ನು ಅರಿಯದೆ ಕಲ್ಕತ್ತೆಗೂ ಲಂಡನ್ನಿಗೂ ಮನವಿಗಳನ್ನು ಕಳುಹಿಸುತ್ತಿದ್ದರು. 1865ರಲ್ಲಿ ಎರಡು ವರ್ಷದ ಮಗು ಚಾಮರಾಜೇಂದ್ರನನ್ನು ದತ್ತು ತೆಗೆದುಕೊಂಡರು. ಇಂಗ್ಲಿಷ್ ಸರ್ಕಾರವು ಅದನ್ನು ಮಾನ್ಯಮಾಡಿದುದು 1867ರಲ್ಲಿ. ಮರುವರ್ಷ, 1868ರ ಮಾರ್ಚಿ 27ರಂದು, ಮುಮ್ಮಡಿಯವರು ದೇಹಬಿಟ್ಟರು. ಮಳವಳ್ಳಿಯ ಕಾಳಗ ನಡೆದ ತಾರೀಖೂ ಅದೇ. ನಡುವೆ ಕಳೆದುದು 69 ವರ್ಷ. ರಾಜ್ಯವು ಒಡೆಯರ ಮನೆಗೆ ಮರಳಿದುದು 1881ರಲ್ಲಿ.

ಆಮೇಲೆ ಚಿತ್ರಗಳ ಗತಿ ಏನಾಯಿತು? 1897ರಲ್ಲಿ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. ಅದೃಷ್ಟವಶಾತ್ ಶ್ರೀತತ್ತ್ವನಿಧಿ ಉಳಿಯಿತು. ಅದರ ಪ್ರತಿಯೊಂದು ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿದೆ. 1915ರಲ್ಲಿ ಜಗನ್ಮೋಹನ ಅರಮನೆಯು ಚಿತ್ರಶಾಲೆಯಾಯಿತು. ಮರುವರ್ಷವೇ ಆನಂದ ಕುಮಾರಸ್ವಾಮಿಯವರು ರಜಪೂತ ಚಿತ್ರಕಲೆಯನ್ನು ಕುರಿತ ತಮ್ಮ ದೊಡ್ಡ ಗ್ರಂಥವನ್ನು ಪ್ರಕಟಿಸಿದರು. ಅವರ ಸಂಗ್ರಹವು ಅಮೆರಿಕದ ಬಾಸ್ಟನ್ ನಗರದ ವಸ್ತುಸಂಗ್ರಹಾಲಯವನ್ನು ಸೇರಿತು. ರಾಧಾಕೃಷ್ಣರ ಪಹಾಡಿ ಚಿತ್ರಗಳಿಗೆ ಹೀಗೆ ಲೋಕದ ಕಣ್ಣು ಬೇಗನೆ ಬಿದ್ದಿತು. ಮೈಸೂರಿನ ಚಿತ್ರಗಳಿಗೆ ಆ ಯೋಗ ತಡವಾಗಿ ಬಂದಿತು. ಅವು ದೇವರ ಮನೆಗಳಲ್ಲಿ, ಭಜನೆಯ ಮನೆಗಳಲ್ಲಿ ಎಣ್ಣೆಯ ಹೊಗೆ ಹಿಡಿದು ಕುಳಿತಿದ್ದವು. 1960ರಲ್ಲಿ ಚಿತ್ರಕಲಾ ಪರಿಷತ್ತನ್ನು ಕಟ್ಟಿದ ಎಂ. ಎಸ್. ನಂಜುಂಡರಾಯರು ಇಂಥ ಚಿತ್ರಗಳನ್ನು ಹುಡುಕಿ ಬೆಂಗಳೂರಿನಲ್ಲಿ ಕೂಡಿಹಾಕಿದರು. 1996ರಲ್ಲಿ ಕೆನಡಾದ ವಿದ್ವಾಂಸ ನಾರ್ಮನ್ ಸ್ಯೋಮನ್ ಕೌತುಕನಿಧಿಯ ಆಸನಗಳ ಚಿತ್ರಗಳನ್ನು ಪ್ರಕಟಿಸಿದಮೇಲೆ ಯೋಗಾಭ್ಯಾಸಿಗಳೆಲ್ಲರೂ ಮೈಸೂರಿನ ಕಡೆಗೆ ತಿರುಗಿ ನೋಡಿದರು.

ಸಂಗ್ರಹಕಾರರಲ್ಲಿ ಎಲ್ಲರೂ ಹೀಗೆ ಹೆಸರು ಹೇಳಿ ಬರುವವರಲ್ಲ. ಮಳವಳ್ಳಿ ತಾಲ್ಲೂಕಿನ ನಮ್ಮ ಊರಿನ ಭಜನೆಯ ಮನೆಯಲ್ಲಿ ಮರದ ಹಲಗೆಯ ಮೇಲೆ ಬರೆದ ರಾಮಪಟ್ಟಾಭಿಷೇಕದ ಹಳೆಯ ಪಟವೊಂದು ಇದ್ದಿತಂತೆ. ನಾನು ಹುಟ್ಟುವ ಮೊದಲೇ ಪೇಟೆಯಿಂದ ಒಬ್ಬಾತ ಬಂದು, ಹುಳು ಹಿಡಿದ ಹಲಗೆಯನ್ನು ಇಟ್ಟುಕೊಂಡರೆ ಗ್ರಾಮಕ್ಕೆ ಒಳ್ಳೆಯದಲ್ಲವೆಂದು ಹೇಳಿ, ಗಾಜು ಹಾಕಿದ ಹೊಸ ಪಟವನ್ನೂ ಒಂದಿಷ್ಟು ಹಣವನ್ನೂ ಕೊಟ್ಟು ಅದನ್ನು ಒಯ್ದನಂತೆ. ಕೊಟ್ಟವರು ಓದುಬರಹ ಬಲ್ಲವರಲ್ಲ. ಹೆಬ್ಬೆಟ್ಟು ಒತ್ತಿಸಿಕೊಂಡನೋ ಇಲ್ಲವೋ ಅದೂ ಯಾರಿಗೂ ನೆನಪಿಲ್ಲ. ಜಗನ್ಮೋಹನ ಅರಮನೆಯನ್ನು ಮೊದಲ ಸಲ ನೋಡಿ ಬಂದ ದಿನ ಆ ಪಟವು ಹೇಗಿದ್ದಿತೆಂದು ನಾನು ನಮ್ಮ ಅಜ್ಜಿಯನ್ನು ಕೇಳಿದೆ. ಏಕಾದಶಿಯ ರಾತ್ರಿ ದೀಪ ಹಚ್ಚಿದರೆ ಕಿರೀಟ ಒಂದೇ ಮಿನುಗುತ್ತಿತ್ತೆಂದೂ, ಹತ್ತಿರ ಹೋಗಿ ಮುಟ್ಟಿದರೆ ಉಬ್ಬು ಕೈಗೆ ಸಿಕ್ಕುತ್ತಿತ್ತೆಂದೂ ಆಕೆ ಹೇಳಿದಳು. ಪಾದದ ಬಳಿ ಹನುಮಂತನು ಕುಳಿತಿದ್ದುದು ಆಕೆಗೆ ಚೆನ್ನಾಗಿ ನೆನಪಿದೆ. ಛತ್ರಿ ಹಿಡಿದವನು ಭರತನೋ ಲಕ್ಷ್ಮಣನೋ ಎಂಬುದರಲ್ಲಿ ಮಾತ್ರ ಆಕೆಗೂ ನಮ್ಮ ದೊಡ್ಡಪ್ಪನಿಗೂ ಅಂದು ವಾದವಾಗಿ, ಊಟದ ಹೊತ್ತು ಮೀರಿತು.